ಮಗ್ಗವಿಲ್ಲದ ಮೂವತ್ತೊಂದು ಪದಗಳು

ಬಾಗೇವಾಡಿ ಡಿಪೋದಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದ ಕಲ್ಮೇಶನಿಗೆ ಒಂದು ಚಾಳಿಯಿತ್ತು. ಸೀಟಿನಲ್ಲಿ ಕುಳಿತವರು ಸಣ್ಣ ದನಿಯಲ್ಲಿ ಪದ ಗುನುಗಿದರೆ ಸಾಕು, ಟಿಕೆಟ್ ಹರಿದು ಕೊಟ್ಟ ಮೇಲೂ ಅಲ್ಲಿಂದ ಕದಲುತ್ತಿರಲಿಲ್ಲ. ಟಿಕೆಟ್ ಮಷಿನ್ನಿನಲ್ಲಿ ಉಳಿದ ಸುರುಳಿಯ ತುದಿ, ಯಾರೋ ಬಿಟ್ಟುಹೋದ ಮದುವೆ ಪತ್ರದ ಬೆನ್ನು, ಕೈಗೆ ಸಿಕ್ಕಿದ್ದರ ಮೇಲೆ ಬರೆದುಕೊಳ್ಳುತ್ತಿದ್ದ. ಡ್ರೈವರ್ ಮುರ್ತುಜಾಸಾಬ ಕನ್ನಡಿಯಲ್ಲಿ ನೋಡಿ, “ಏ ಕವಿಗಳ, ಸೀಟಿ ಹೊಡೀತೀರ್ಯೋ, ಪದಾ ಮುಗ್ಯೂತನಕ ಗಾಡಿ ಇಲ್ಲೇ ನಿಂದರಸಲ್ಯೋ?” ಎನ್ನುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು. ಕಲ್ಮೇಶ ಕೊನೆಯ ಸಾಲು ಬರೆದುಕೊಂಡೇ ಸೀಟಿ ಊದುತ್ತಿದ್ದ.

ನಿವೃತ್ತನಾದ ದಿನ ಅವನ ಮನೆಯಲ್ಲಿ ಎರಡು ಟ್ರಂಕು ಕಾಗದಗಳಿದ್ದವು. ಅವುಗಳಲ್ಲಿ ಮಸೂತಿ ಎಂಬ ಊರಿನ ಹುಚ್ಚವ್ವ ಹಾಡಿದ ಹನ್ನೊಂದು ಪದಗಳೂ ಇದ್ದವು. ಅವಳು ಕುರಿ ಸಾಕುವ ಮನೆತನದವಳು. ಸಂತೆಗೆ ಕಂಬಳಿ ಹೊತ್ತು ಬರುವಾಗ ಹಿಂದಿನ ಸೀಟಿನಲ್ಲಿ ಕುಳಿತು ಹಾಡುತ್ತಿದ್ದಳು.

ಮುಂದೆ ಒಂದು ದಿನ ಸಿಂದಗಿಯ ವಕೀಲ ಬಸಂತರಾಯರ ಮನೆಯಲ್ಲಿ ಅದೇ ಪದಗಳು ಅಚ್ಚಿನಲ್ಲಿ ಅವನ ಕಣ್ಣಿಗೆ ಬಿದ್ದವು. ಬಸಂತರಾಯರು ಹಳೆಯ ಪುಸ್ತಕಗಳನ್ನು ಕೂಡಿಹಾಕುವವರಲ್ಲಿ ಹೆಸರಾದವರು. ಅವರ ಬಳಿಯಿದ್ದದ್ದು ಮೂವತ್ತೊಂದು ಪದಗಳಿದ್ದ, ನೂರು ವರ್ಷ ದಾಟಿದ ಕಲ್ಲಚ್ಚಿನ ಪುಸ್ತಕ, ‘ಕಂಬಳಿಯ ಪದಗಳು’. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಮುಖಪುಟದ ಮೇಲೆ ‘ಗುರುಪಾದ ಮಾಸ್ತರ ವಿರಚಿತ’ ಎಂದಿತ್ತು.

ಕಲ್ಮೇಶ ನೆಟ್ಟಗೆ ಮಸೂತಿಗೆ ಹೋಗಿ ಕೇಳಿದ. “ಮಾಸ್ತರದ್ಯಾಕ ಆಗ್ತಾವ ತಮ್ಮಾ?” ಎಂದಳು ಹುಚ್ಚವ್ವ. “ಇವು ನಮ್ಮ ದೊಡ್ಡಾಯಿ, ನಮ್ಮಪ್ಪನ ಆಯಿ, ರೇವವ್ವನ ಪದಾ. ಆಕಿ ಹಾಡ್ತಿದ್ಳು, ಸಾಲಿ ಮಾಸ್ತರ ಕುಂತು ಬರಕೋತಿದ್ರಂತ.”

ಅಂದಿನಿಂದ ಕಲ್ಮೇಶನಿಗೆ ಬೇರೆ ಕೆಲಸವೇ ಉಳಿಯಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ವಿದ್ಯಾವತಿ ಅಕ್ಕೋರು ಜೊತೆಯಾದರು. ಇಬ್ಬರೂ ಕೂಡಿ ಎಂಟು ಪುಟದ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿದರು. ಪದಗಳನ್ನು ಕಟ್ಟಿದವಳು ರೇವವ್ವ, ಮಾಸ್ತರರು ಬರೆದುಕೊಂಡವರು ಮಾತ್ರ ಎಂಬುದು ಅವರ ವಾದ. ಮುಖಪುಟಕ್ಕೆ ಚಿತ್ರ ಬೇಕೆಂದು ಹಟ ಹಿಡಿದವನು ಕಲ್ಮೇಶನೇ. ಪೇಂಟರ್ ಪ್ರೇಮಕುಮಾರ ಚಂದದ ಚಿತ್ರ ಬರೆದುಕೊಟ್ಟ: ಮಗ್ಗದಲ್ಲಿ ಕುಳಿತು ಲಾಳಿ ಎಸೆಯುತ್ತ ಹಾಡುತ್ತಿರುವ ರೇವವ್ವ.

ಬಸಂತರಾಯರು ಆ ಹಳೆಯ ಪುಸ್ತಕವನ್ನು ಮರುಮುದ್ರಣ ಮಾಡಲು ಹೊರಟಿದ್ದರು. ಹೊಸ ಮುಖಪುಟದ ಮೇಲೆ ಯಾರ ಹೆಸರು ಬರುತ್ತದೆಯೋ ಅದೇ ಮುಂದಿನ ನೂರು ವರ್ಷ ನಿಲ್ಲುತ್ತದೆ ಎಂಬುದು ಕಲ್ಮೇಶನಿಗೆ ಗೊತ್ತಿತ್ತು. ಇಂಡಿ, ಮುದ್ದೇಬಿಹಾಳದ ಪುಸ್ತಕಪ್ರಿಯರು ವಕೀಲರ ಮನೆಯಲ್ಲಿ ಸೇರಿದ ದಿನ ಅವನು ಇಸ್ತ್ರಿಯ ಅಂಗಿ ತೊಟ್ಟು, ವಿದ್ಯಾವತಿಯವರೊಂದಿಗೆ ಹೋಗಿ, ಎಲ್ಲರ ಕೈಗೂ ಕಿರುಹೊತ್ತಗೆ ಕೊಟ್ಟ.

ಬಸಂತರಾಯರು ಚಿತ್ರವನ್ನು ಬಹಳ ಹೊತ್ತು ನೋಡಿದರು.

“ಚಿತ್ರ ಛಲೋ ಐತಿ, ಕಲ್ಮೇಶಪ್ಪ. ಒಂದ ಮಾತ ಕೇಳ್ತೇನಿ. ಈ ಮೂವತ್ತೊಂದು ಪದದಾಗ ಮಗ್ಗ ಎಲ್ಲೈತಿ, ತೋರಸ್ರಿ.”

ಕಲ್ಮೇಶ ಮನಸ್ಸಿನಲ್ಲೇ ಪದಗಳನ್ನು ಒಂದೊಂದಾಗಿ ತಿರುವಿದ. ಉಣ್ಣೆ ಕತ್ತರಿಸುವುದಿತ್ತು, ಹಿಂಜುವುದಿತ್ತು, ನೂಲುವ ಕದಿರು ಇತ್ತು. ಹುಣಸೆ ಬೀಜ ಕುದಿಸಿ ಎಳೆಗಳಿಗೆ ಹಚ್ಚುವ ಗಂಜಿ ಮಾಡುವುದಿತ್ತು. ಮಗ್ಗವಿರಲಿಲ್ಲ. ಲಾಳಿಯೂ ಇರಲಿಲ್ಲ.

“ನೇಯೂ ಮನಿಯಾಕಿ ಮಗ್ಗಾನ ಮರೀತಾಳೇನ್ರಿ? ಅಡಗಿ ಪದಾ ಹಾಡಿ ಒಲೀನ ಬಿಟ್ಟಂಗಾತು” ಎಂದರು ವಕೀಲರು. “ಇದು ಹೊರಗ ನಿಂತು ಅರ್ಧಾ ಕಂಡವರ ಬರವಣಗಿ. ಅಂದ್ರ ಮಾಸ್ತರದ್ದು. ಬರೂ ಸೋಮವಾರ ಪ್ರೆಸ್ಸಿಗೆ ಕೊಡ್ತೇನಿ.”

“ಕಂಡಕ್ಟರ್ ಸಾಹೇಬ್ರು ಈ ಸಲ ಎಲ್ಲಾರ್ನೂ ರಾಂಗ್ ಸ್ಟಾಪಿನ್ಯಾಗ ಇಳಿಸಿದ್ರು ನೋಡ್ರಿ” ಎಂದು ಇಂಡಿಯವರೊಬ್ಬರು ನಕ್ಕರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಲ್ಮೇಶ ಉಳಿದ ಕಿರುಹೊತ್ತಗೆಗಳನ್ನು ಸೀಟಿನ ಕೆಳಗೆ ತಳ್ಳಿದ. ಚಿತ್ರವೇ ತನ್ನನ್ನು ಹಿಡಿದುಕೊಟ್ಟಿತೆಂಬ ಸಂಕಟ. “ನಾನೂ ನೋಡಿ ಹೂಂ ಅಂದೇನಲ್ಲ, ನಂದೂ ಪಾಲೈತಿ” ಎಂದರು ವಿದ್ಯಾವತಿ. ಅವನಿಗೆ ಅದೂ ಕೇಳಿಸಲಿಲ್ಲ.

ಮರುದಿನ ಹುಚ್ಚವ್ವನಿಗೆ ಸೋಲಿನ ಸುದ್ದಿ ಹೇಳಲೆಂದೇ ಮಸೂತಿಗೆ ಹೋದ. ಅವಳು ಹೊಸ್ತಿಲ ಬಳಿ ನೂಲುತ್ತಿದ್ದಳು. ಕಿರುಹೊತ್ತಗೆಯ ಚಿತ್ರ ನೋಡಿದವಳೇ ನಗಲು ಶುರುಮಾಡಿದಳು. ಕೈಯಿಂದ ಕದಿರು ಜಾರಿ ಉರುಳಿತು.

“ಯಾರೋ ತಮ್ಮಾ ಇಕಿ, ಮಗ್ಗದಾಗ ಕುಂತಾಕಿ?”

“ನಿಮ್ಮ ದೊಡ್ಡಾಯಿ, ಯವ್ವಾ.”

“ಅಯ್ಯ ನನ್ನ ಶಿವನ! ನಮ್ಮ ಹೆಣಮಕ್ಕಳು ಮಗ್ಗದ ಕುಣ್ಯಾಗ ಕಾಲ ಇಡ್ತಾರೇನೋ? ನೂಲೂದು ನಮ್ದು, ಗಂಜಿ ಹಚ್ಚೂದು ನಮ್ದು. ನೇಯೂದು ಗಂಡಸರದು. ನನಗ ಎಪ್ಪತ್ತಾರು ತುಂಬ್ಯಾವ, ಇವತ್ತಿನತನಕ ಆ ತಗ್ಗಿನಾಗ ಇಳದಾಕಿ ಅಲ್ಲ. ಮೂವತ್ತ ವರ್ಷ ನಮ್ಮ ಕಂಬಳಿ ಬಸ್ಸಿಗೆ ಏರಿಸಿದಿ, ಇಷ್ಟೂ ತಿಳೀಲಿಲ್ಲಾ?”

ಕಲ್ಮೇಶ ಅವಳೆದುರು ಕುಳಿತ. ಅವನದು ಜೋಳ ಬಿತ್ತುವ ಮನೆ. ಕಂಬಳಿ ಹೊದ್ದಿದ್ದ, ಮಾರುವುದನ್ನು ಕಂಡಿದ್ದ. ಯಾರು ಯಾವ ಕೆಲಸ ಮಾಡುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ. ಮೆಲ್ಲಗೆ, “ಕಡೀ ಪದಾ ಒಂದಷ್ಟು ಹಾಡವ್ವಾ” ಎಂದ. ಹುಚ್ಚವ್ವ ಕದಿರು ಎತ್ತಿಕೊಂಡು ಹಾಡಿದಳು.

ಎಳಿಗೆಲ್ಲ ಗಂಜಿ ಹಚ್ಚೇನ, ಬಿಸಲಾಗ
ಸಾಲಿಟ್ಟು ಬಿಗದು ನಿಲಿಸೇನ, ಮನಿಯವರ
ಕೈಯಾಗ ಕೊಟ್ಟು ಸರದೇನ.

ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅವಳ ಕೆಲಸ ಮುಗಿದಲ್ಲಿ ಅವಳ ಪದವೂ ಮುಗಿದಿದೆ. ತಾನು ಮಾಡದ ಕೆಲಸವನ್ನು ಆಕೆ ಹಾಡಲಿಲ್ಲ. ಕಲ್ಮೇಶ ತಟ್ಟನೆ ಎದ್ದ.

“ರವಿವಾರ ಸಿಂದಗಿಗೆ ಬರ್ತೀಯೇನವ್ವಾ?”

“ಯಾಕ ಬರೂದಿಲ್ಲ? ಬಸ್ಸು ಫ್ರೀ ಐತಲ್ಲ!”

ಕಲ್ಮೇಶನ ಕೋರಿಕೆಯ ಮೇಲೆ ರವಿವಾರ ಮತ್ತೆ ವಕೀಲರ ಪಡಸಾಲೆಯಲ್ಲಿ ಅದೇ ಜನ ಸೇರಿದರು. ಬಸಂತರಾಯರ ಹೆಂಡತಿ ಸುಮಿತ್ರಾಬಾಯಿ ಹುಚ್ಚವ್ವನಿಗೆ ಕುರ್ಚಿ ಹಾಕಿದರು. ಅವಳು ಅದನ್ನು ಪಕ್ಕಕ್ಕೆ ಸರಿಸಿ ಕಂಬಳಿ ಹಾಸಿಕೊಂಡು ಕುಳಿತಳು. ಕಲ್ಮೇಶ ಮೊದಲು ತನ್ನ ತಪ್ಪು ಒಪ್ಪಿಕೊಂಡ. ಆಮೇಲೆ ಮಗ್ಗ ಯಾಕಿಲ್ಲ ಎಂಬುದನ್ನು ವಿವರಿಸಿದ.

ವಕೀಲರು ತಲೆಯಾಡಿಸಿದರೂ ಬಿಡಲಿಲ್ಲ. “ಆತ್ರಿ, ಒಪ್ಪಿದೆ. ಆದ್ರ ಮಾಸ್ತರರೂ ಮಗ್ಗದಾಗ ಕುಂತವರಲ್ಲಲ್ಲ? ಅವರೂ ಬಿಟ್ಟಿರಬಹುದು.”

ಕಲ್ಮೇಶ ಹುಚ್ಚವ್ವನ ಮುಖ ನೋಡಿದ.

“ವಕೀಲರ,” ಎಂದಳು ಹುಚ್ಚವ್ವ, “ಮಾಸ್ತರ ನಮ್ಮ ಮನಿಗಿ ಬಂದ್ರ ಎಲ್ಲಿ ಕುಂಡ್ರಸ್ತಿದ್ರು? ಪಡಸಾಲ್ಯಾಗ. ನಮ್ಮ ಪಡಸಾಲ್ಯಾಗ ಏನಿರತೈತಿ? ಮಗ್ಗ. ಹೊರಗಿನ ಗಂಡಸಿಗಿ ಮೊದಲ ಕಾಣೂದ ಅದು, ಅದರ ಸಪ್ಪಳ. ಹಿತ್ತಲದಾಗ ಹುಣಸಿ ಬೀಜಾ ಕುದಿಯೂದು ಅವಗ ಹ್ಯಾಂಗ ಕಾಣ್ತೈತಿ? ಕಂಡದ್ದ ಬಿಟ್ಟು ಕಾಣಲಾರದ್ದ ಬರದ್ರೇನು ನಿಮ್ಮ ಮಾಸ್ತರ?”

ಇಂಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಬಸಂತರಾಯರು ಎದ್ದು ಒಳಗೆ ಹೋದರು. ವಕೀಲರು ಹೊಸ ಮುಖಪುಟದ ಕರಡು ತಂದು ಎಲ್ಲರ ಮುಂದೆ ಇಟ್ಟರು. ‘ವಿರಚಿತ’ ಎಂಬುದನ್ನು ಹೊಡೆದುಹಾಕಿದರು. ‘ಹಾಡಿದವಳು: ಮಸೂತಿಯ ರೇವವ್ವ’ ಎಂದು ಮೇಲೆ ಬರೆದು, ಅದರ ಕೆಳಗೆ ‘ಬರೆದುಕೊಂಡವರು: ಗುರುಪಾದ ಮಾಸ್ತರ’ ಎಂದು ಬರೆದರು.

“ಮ್ಯಾಲಿಂದು ಯಾರ ಹೆಸರು?” ಕೇಳಿದಳು ಹುಚ್ಚವ್ವ.

“ನಿಮ್ಮ ದೊಡ್ಡಾಯಿದ್ರಿ” ಎಂದರು ವಕೀಲರು.

“ಮಾಸ್ತರನ ಹೆಸರೂ ಇರ್ಲಿ ಪಾಪ. ಅಂವ ಬರಕೊಳ್ಳಲಿಲ್ಲಂದ್ರ ನೀವರೆ ಎಲ್ಲಿ ಓದತಿದ್ರಿ?”

ಕಲ್ಮೇಶ ತಪ್ಪು ಚಿತ್ರದ ಕಿರುಹೊತ್ತಗೆಗಳನ್ನು ಮರಳಿ ಕೇಳಿದ. ಬಸಂತರಾಯರು ತಮ್ಮದನ್ನು ಅಲಮಾರಿಯೊಳಗಿಟ್ಟು ಕೀಲಿ ಹಾಕಿದರು. “ಕೊಡೂದಿಲ್ರಿ. ತಪ್ಪಿದ್ದ ಪ್ರತೀನ ಮುಂದ ಅಪರೂಪ ಆಗ್ತಾವ.”

ಸಂಜೆಯ ಬಾಗೇವಾಡಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಹುಚ್ಚವ್ವ, ಅವಳ ಬದಿಗೆ ವಿದ್ಯಾವತಿ, ಹಿಂದಿನ ಸೀಟಿನಲ್ಲಿ ಕಲ್ಮೇಶ ಕುಳಿತರು. ಕಂಡಕ್ಟರ್ ಹುಡುಗಿ ಸುರೇಖಾ ಹುಚ್ಚವ್ವನ ಆಧಾರ್ ಕಾರ್ಡು ನೋಡಿ ಟಿಕೆಟ್ ಕೊಡುತ್ತ, “ಎಲ್ಲಿಗಿ ಹೋಗಿದ್ರಿ ಆಯೀ, ಇಷ್ಟ ಖುಷೀಲೆ ಅದೀರಿ?” ಎಂದಳು.

ಹುಚ್ಚವ್ವ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

“ನಮ್ಮ ದೊಡ್ಡಾಯಿ ಹೆಸರು ಬುಕ್ಕಿನ ಮ್ಯಾಲ ಬರಸಾಕ ಹೋಗಿದ್ದೆ, ಮಗಳ. ಬರಿಸೇ ಬಂದೆ.”

ಹಿಂದಿನ ಸೀಟಿನಲ್ಲಿ ಕಲ್ಮೇಶ ತನ್ನ ಟಿಕೆಟನ್ನು ಮಗುಚಿ, ಅದರ ಬೆನ್ನ ಮೇಲೆ ಆ ಮಾತನ್ನು ಹಾಗೆಯೇ ಬರೆದುಕೊಂಡ.