ಸರ್ ತಿದ್ದಿಕೊಟ್ಟ ಅರ್ಜಿ

ಗಡಹಿಂಗ್ಲಜದ ನಮ್ಮ ಇಂಗ್ಲಿಷ್ ಸರ್ ಭಾಷೆಯ ಜೊತೆ ಸಂಸ್ಕಾರವನ್ನೂ ಕಲಿಸಿದರು ಎಂದು ನನ್ನ ಕ್ಲಾಸಿನವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಕಲಿಸಿದ್ದು ಅಂಜಿಕೆಗೆ ಇಸ್ತ್ರಿ ಹಾಕುವುದನ್ನು. ಕೆಂಪು ಪೆನ್ನಿನ ಟೋಪಿ ಕಚ್ಚಿಕೊಂಡು, "ಜರಾ ಸಾಫ್ಟ್ ಬರೀರಿ" ಎನ್ನುವರು.

ಒಮ್ಮೆ ಕಾಲೇಜಿನ ಫಿಜಿಕ್ಸ್ ಪೇಪರಿನಲ್ಲಿ ಅರ್ಧ ಪ್ರಶ್ನೆಗಳು ಸಿಲಬಸ್ಸಿನಲ್ಲೇ ಇರಲಿಲ್ಲ. ನಪಾಸಾದರೆ ನೇಸರಿಯಿಂದ ಬರುವ ನನ್ನ ಗೆಳತಿಯನ್ನು ಮನೆಯವರು ಕಾಲೇಜು ಬಿಡಿಸುವವರಿದ್ದರು. ಮರುಪರೀಕ್ಷೆ ಕೇಳಿ ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದು ಸರ್ ಕೈಗೆ ಕೊಟ್ಟೆವು. ಅವರು ಸಿಲಬಸ್ಸಿನ ಸಾಲನ್ನೂ ಮರುಪರೀಕ್ಷೆಯ ಸಾಲನ್ನೂ ಹೊಡೆದುಹಾಕಿ, ಪೇಪರು 'ಇಂಟರೆಸ್ಟಿಂಗ್ ಆ್ಯಂಡ್ ಕ್ವೈಟ್ ಚಾಲೆಂಜಿಂಗ್' ಎಂದು ಬರೆದರು.

"ಇದು ತಕರಾರೋ, ಹೊಗಳಿಕೆಯೋ ಸರ?" ಎಂದೆ.

"ನಿನ್ನ ಡಿಬೇಟ್ ಇಲ್ಲಿ ಬ್ಯಾಡೋ ತಮ್ಮಾ. ದೊಡ್ಡವರಿಗೆ ಇಷ್ಟು ಅಂದ್ರ ಸಾಕು, ತಿಳೀತೈತಿ."

ಎಂಟು ದಿನಕ್ಕೆ ನೋಟಿಸ್ ಬೋರ್ಡಿನಲ್ಲಿ ಉತ್ತರ ಬಂತು. ಪ್ರಶ್ನೆಪತ್ರಿಕೆಯನ್ನು ಮೆಚ್ಚಿಕೊಂಡ ವಿದ್ಯಾರ್ಥಿಗಳಿಗೆ ಧನ್ಯವಾದ ಹೇಳಿ, ಅದರ ಕೆಳಗೇ ನಪಾಸಾದವರ ಪಟ್ಟಿ ಅಂಟಿಸಿದ್ದರು. ಗೆಳತಿಯ ಹೆಸರು ಮೂರನೆಯದು.

"ನೋಡ್ರಿ, ಪ್ರಿನ್ಸಿಪಾಲರು ಥ್ಯಾಂಕ್ಸ್ ಅಂದಾರ," ಎಂದರು ಸರ್, ಭಾಳ ಖುಷಿಯಿಂದ.

ಅವಳು ಪಟ್ಟಿಯಿಂದ ಕಣ್ಣು ತೆಗೆದು ಅವರನ್ನೇ ನೋಡಿದಳು.

"ಪೇಪರ್ ತಪ್ಪಿತ್ತು ಅಂತ ನಮ್ಮ ಅಪ್ಪನ ಮುಂದಾದ್ರೂ ಹೇಳ್ತೀರೇನ್ರಿ ಸರ?"