ಕೂದಲಿನ ಕೊಂಡಿಗೆ ಎಷ್ಟು ಕೂಲಿ?

ನನ್ನ ತಲೆಯ ಮೇಲೆ ಕೂದಲಿದ್ದ ಕಾಲದಲ್ಲಿ ಅದಕ್ಕೊಂದು ಬೆಲೆಯಿದೆ ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ, ಅದು ಹೊರಟಾಗ ಇನ್ನಷ್ಟು ಮರ್ಯಾದೆಯಿಂದ ಬೀಳ್ಕೊಡುತ್ತಿದ್ದೆ. ಈಗ ನನ್ನ ನೆತ್ತಿ ಬಿಸಿಲು ಬಿದ್ದರೆ ಬಾದಾಮಿಯ ಬಂಡೆಯ ಹಾಗೆ ಕೆಂಪಗೆ ಹೊಳೆಯುತ್ತದೆ. ಕಿವಿಗಳ ಮೇಲೆ ಹಟ ಹಿಡಿದು ಉಳಿದಿರುವ ನಾಲ್ಕೆಳೆಯನ್ನು ಕತ್ತರಿಸಲು ಹುನಗುಂದದ ನಮ್ಮ ಕ್ಷೌರಿಕ ಪೂರ್ತಿ ದರ ತೆಗೆದುಕೊಳ್ಳುತ್ತಾನೆ. ‘ಅಲ್ಲೋ, ಪಾವು ತಲಿಗೆ ಪೂರಾ ರೊಕ್ಕ ಏನೋ?’ ಎಂದು ಕೇಳಿದರೆ, ‘ಇರೂದನ್ನ ಹುಡುಕೂ ಕೂಲಿ ಬ್ಯಾರೆ ಐತ್ರಿ ಕಾಕಾ’ ಅನ್ನುತ್ತಾನೆ. ನಾನು ನಕ್ಕು ಕೊಡುತ್ತೇನೆ. ಅವನ ಮಾತಿನಲ್ಲಿ ಒಂದು ನ್ಯಾಯವಿತ್ತೆಂದು ಗೊತ್ತಾದದ್ದು ಮಾತ್ರ ಈ ಬೇಸಿಗೆಯಲ್ಲಿ, ಬಾಗಲಕೋಟೆಯ ಒಂದು ಬ್ಯೂಟಿ ಪಾರ್ಲರಿನಲ್ಲಿ.

ನನ್ನಂಥವನಿಗೆ ಪಾರ್ಲರಿನಲ್ಲೇನು ಕೆಲಸ ಎಂದು ನೀವು ಕೇಳಬಹುದು. ಅಲ್ಲಿನ ಹುಡುಗಿಯರೂ ಅದನ್ನೇ ಕೇಳುವ ಮುಖ ಮಾಡಿದರು. ನಾನು ಹೋದದ್ದು ನನ್ನ ಅಕ್ಕ ನೀಲವ್ವನ ಮಗಳು ಅಕ್ಷತಾಳ ಸಲುವಾಗಿ. ಇಳಕಲ್ಲಿನ ಒಂದು ಶಾಲೆಯಲ್ಲಿ ಅವಳು ಎರಡನೆಯ ಇಯತ್ತೆಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಚಳಿಗಾಲದಲ್ಲಿ ಟೈಫಾಯ್ಡ್ ಬಂತು, ಹೋಯಿತು. ಮೂರು ತಿಂಗಳ ಮೇಲೆ, ಜ್ವರವನ್ನು ಹುಡುಕಿಕೊಂಡು ಹೊರಟಂತೆ, ಕೂದಲೂ ಹೊರಟಿತು. ಸೊಂಟ ದಾಟುತ್ತಿದ್ದ ಜಡೆ ಇಲಿಬಾಲದಷ್ಟಾಯಿತು. ‘ವರ್ಷದಾಗ ತಿರುಗಿ ಬರ್ತಾವ, ಚಿಂತಿ ಬ್ಯಾಡ’ ಎಂದರು ಡಾಕ್ಟರು. ಇಪ್ಪತ್ತಾರು ವಯಸ್ಸಿನವಳಿಗೆ ಒಂದು ವರ್ಷ ಎಷ್ಟು ಉದ್ದವೆಂದು ಅವರ ಚೀಟಿಯಲ್ಲಿ ಬರೆದಿರಲಿಲ್ಲ. ಅಕ್ಷತಾ ತಲೆಗೆ ದುಪಟ್ಟಾ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದಳು. ಒಂದು ದಿನ ಮುಂದಿನ ಸಾಲಿನ ಒಂದು ಚೋಟು ಹುಡುಗಿ, ಕೆಡುಕೇನೂ ಇಲ್ಲದೆ, ‘ಟೀಚರ್, ನಿಮ್ಮ ಜಡಿ ಎಲ್ಲಿ ಹೋತ್ರಿ?’ ಎಂದು ಕೇಳಿತು. ಮರುದಿನದಿಂದ ಟೀಚರ್ ರಜೆ. ಮನೆಯೊಳಗೂ ದುಪಟ್ಟಾ ಇಳಿಯಲಿಲ್ಲ.

‘ಸಾಲಿ ತೆರಿಯೂದ್ರೊಳಗ ಅಕಿ ತಲಿ ಮ್ಯಾಲಿನ ಅರಿವಿ ಇಳಿಬೇಕು ತಮ್ಮಾ’ ಎಂದಳು ಅಕ್ಕ ಫೋನಿನಲ್ಲಿ. ‘ಅದೇನೋ ಕೂದಲಾ ಜೋಡಸ್ತಾರಂತ. ನೀ ಅರಿವಿ ಅಂಗಡ್ಯಾಗ ಕೂದಲು ಕಳಕೊಂಡಾಂವ, ದರ ನಿನಗ ತಿಳಿತೈತಿ. ಬಾ.’

ಮೂವತ್ತು ವರ್ಷ ಹುನಗುಂದದ ಬಟ್ಟೆಯಂಗಡಿಯಲ್ಲಿ ಗಜಕೋಲು ಹಿಡಿದವನು ನಾನು. ದರ ತಿಳಿಯುತ್ತದೆ ಎಂಬ ಸೊಕ್ಕು ಇದ್ದೇ ಇತ್ತು.

ಪಾರ್ಲರಿನ ಒಡತಿ ರೇಣುಕಾ ನಗುಮುಖದ ಹೆಣ್ಣುಮಗಳು. ಒಂದು ಹಾಳೆಯಲ್ಲಿ ಬರೆದು ತೋರಿಸಿದಳು: ಸೊಂಟದುದ್ದದ ಖರೆ ಕೂದಲು ನೂರು ಗ್ರಾಂ, ಹದಿನೈದು ಸಾವಿರ, ನೂರಿಪ್ಪತ್ತು ಎಳೆ ಜೋಡಿಸಲು ಒಂಬತ್ತು ಸಾವಿರ. ಗ್ರಾಂ ಲೆಕ್ಕ ಕೇಳಿ, ಬೆಳ್ಳಿಯಂಗಡಿಗೆ ಬಂದೆವೇನೋ ಎಂದು ಬೋರ್ಡಿನತ್ತ ನೋಡಿದೆ. ನಮ್ಮ ಅಮ್ಮ ತಲೆ ಬಾಚಿದ ಮೇಲೆ ಹಣಿಗೆಯ ಕೂದಲನ್ನು ಸುತ್ತಿ ಗೋಡೆಯ ಗೂಡಿನಲ್ಲಿ ತುರುಕಿಡುತ್ತಿದ್ದಳು. ವರ್ಷದ ಕೂದಲನ್ನು ಓಣಿಗೆ ಬರುವ ಕೂದಲಿನಾಕೆಗೆ ಕೊಟ್ಟರೆ ಎರಡು ಪಿನ್ನು, ಅವಳ ಮನಸ್ಸು ಚೆನ್ನಾಗಿದ್ದರೆ ಒಂದು ಸ್ಟೀಲಿನ ಬಟ್ಟಲು. ಆ ಬಟ್ಟಲಿನಲ್ಲಿ ನಾನು ಮಜ್ಜಿಗೆ ಕುಡಿದು ಬೆಳೆದವನು. ಇನ್ನು ಐಹೊಳೆಗೆ ಹೋದಾಗಲೆಲ್ಲ ಆ ಕಲ್ಲಿನ ಹೆಂಗಸರ ತುರುಬುಗಳನ್ನು ನೋಡಿ ನನಗೊಂದು ಅನುಮಾನ: ಅಷ್ಟು ದಪ್ಪದ ತುರುಬು ಎಲ್ಲರಿಗೂ ಸ್ವಂತದ್ದೇ ಇದ್ದೀತೆ? ಒಳಗೆ ಚೌರಿ ಸೇರಿಸಿಯೇ ನಿಂತಿರಬೇಕು. ಶಿಲ್ಪಿ ಗುಟ್ಟು ಬಿಟ್ಟುಕೊಟ್ಟಿಲ್ಲ, ಅಷ್ಟೆ.

‘ಇದೆಲ್ಲಾ ಯಾರ ಕೂದಲವಾ?’ ಎಂದು ಅಕ್ಕ ಕೇಳಿದಳು.

‘ಗುಡಿಯೊಳಗ ಮುಡಿ ಕೊಡ್ತಾರಲ್ರಿ ಅವ್ವಾರ, ಅದನ್ನ ಹರಾಜ ಹಾಕ್ತಾರ್ರಿ.’

‘ದೇವರಿಗೆ ಪುಕಟ, ನಮಗ ಹದಿನೈದು ಸಾವಿರ. ಭಾಳ ಛೊಲೊ ಆತು.’

ರೇಣುಕಾ ನಕ್ಕಳು. ಆದರೂ ಬಿಡಿಸಿ ಹೇಳಿದಳು: ತೊಳೆಯಬೇಕು, ಬೇರು-ತುದಿ ಎಲ್ಲ ಒಂದೇ ದಿಕ್ಕಿಗೆ ಬರುವಂತೆ ಆರಿಸಬೇಕು, ಇಲ್ಲದಿದ್ದರೆ ವಾರದಲ್ಲಿ ಸಿಕ್ಕಾಗುತ್ತದೆ.

ಸರಿ, ಅಂಗಡಿಯವನು ನನ್ನೊಳಗೆ ಎದ್ದು ಕೂತ. ‘ಕೂದಲದ್ದು ಇರಲಿ ಬಿಡ್ರಿ. ಜೋಡಸೂದಕ್ಕ ಒಂಬತ್ತು ಸಾವಿರ? ಎಳಿಗೆ ಎಳಿ ಸೇರಿಸಿ ಸಣ್ಣ ಉಂಗುರ ಒತ್ತೂದು. ಅದರಾಗೇನೈತಿ? ಅದನ್ನ ಅರ್ಧಾ ಮಾಡ್ರಿ.’

ಅಕ್ಕ ತಿರುಗಿ ನನ್ನನ್ನು ನೋಡಿದಳು. ಆ ನೋಟ ಅರ್ಥವಾಗಬೇಕಾದರೆ ಇಳಕಲ್ ಸೀರೆಯ ಒಂದು ಸಂಗತಿ ನಿಮಗೆ ತಿಳಿದಿರಬೇಕು. ಹಾಸು ಅಂದರೆ ಮಗ್ಗಕ್ಕೆ ಹೂಡುವ ಉದ್ದೆಳೆ. ಆ ಸೀರೆಯ ಮೈಗೆ ಬೇರೆ ನೂಲಿನ ಹಾಸು, ಸೆರಗಿಗೆ ಬೇರೆ ರೇಷ್ಮೆಯ ಹಾಸು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಅದೂ ಒಂದೊಂದು ಸೀರೆಗೂ ಹೊಸದಾಗಿ. ಕೊಂಡಿ ತಪ್ಪಿದರೆ ಸೆರಗು ಮೈಬಿಟ್ಟು ನಿಲ್ಲುತ್ತದೆ. ಸರಿಯಾಗಿ ಬಿದ್ದರೆ ಅದಿದೆಯೆಂದೇ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ನೀಲಕ್ಕ ಹದಿನಾಲ್ಕನೆಯ ವರ್ಷದಿಂದ ಮಾಡಿದ್ದು ಆ ಕೆಲಸವನ್ನೇ. ಮತ್ತೆ ಹುನಗುಂದದ ಅಂಗಡಿಯಲ್ಲಿ ಗಿರಾಕಿ ಚೌಕಾಸಿ ಮಾಡಿದಾಗ ನಾನು ದೊಡ್ಡ ಮನಸ್ಸಿನಿಂದ ಬಿಡುತ್ತಿದ್ದ ಐವತ್ತು-ನೂರು ರೂಪಾಯಿ ಕೊನೆಗೆ ಯಾರ ಕೂಲಿಯಲ್ಲಿ ಮುರಿದುಕೊಳ್ಳುತ್ತಿತ್ತು? ರೇಷ್ಮೆಯವನು ಬಿಡುತ್ತಿರಲಿಲ್ಲ, ಬಣ್ಣದವನು ಬಿಡುತ್ತಿರಲಿಲ್ಲ. ‘ಎಳಿಗೆ ಎಳಿ ಸೇರಸೂದು, ಅದರಾಗೇನೈತಿ’ ಎಂಬ ಮಾತನ್ನು ಅಕ್ಕ ಜೀವಮಾನವೆಲ್ಲ ಕೇಳಿದ್ದಳು. ಸ್ವಂತ ತಮ್ಮನ ಬಾಯಲ್ಲಿ ಕೇಳಿದ್ದು ಅಂದೇ ಮೊದಲು.

ಅಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿ, ರೇಣುಕಾಳ ಕೈಯಿಂದ ಜೋಡಿಸಿದ ಮಾದರಿಯೊಂದನ್ನು ತೆಗೆದುಕೊಂಡು ಬೆರಳ ನಡುವೆ ಹೊಸೆದಳು, ಎಳೆದಳು, ಬೆಳಕಿಗೆ ಹಿಡಿದಳು.

‘ಕೊಂಡಿನ ಇದು. ಒಂದು ತಲಿಗೆ ಎಷ್ಟ ತಾಸು ಕುಂದರತೀರಿ?’

‘ಇಬ್ಬರು ಕೂಡಿ ಐದ ತಾಸ್ರಿ.’

‘ಕುತಿಗಿ ನೋಯತೈತಿ?’

‘ರಾತ್ರಿ ಹೊಳ್ಳಾಕ ಆಗೂದಿಲ್ರಿ’ ಎಂದಳು ಪಕ್ಕದಲ್ಲಿ ನಿಂತ ಹುಡುಗಿ.

‘ನನಗೂ’ ಎಂದಳು ಅಕ್ಕ.

ಆಮೇಲೆ ಮಗಳತ್ತ ತಿರುಗಿ, ‘ಬಿಚ್ಚವಾ’ ಎಂದಳು. ಅಕ್ಷತಾಳ ಕೈ ದುಪಟ್ಟಾದ ಗಂಟಿನ ಮೇಲೆ ಹೋಗಿ ನಿಂತುಬಿಟ್ಟಿತು. ನಾನು ಫ್ಯಾನು ಎಷ್ಟು ರೆಕ್ಕೆಯದೆಂದು ಎಣಿಸತೊಡಗಿದೆ. ಮೂರು. ಎರಡು ಸಲ ಎಣಿಸಿದೆ. ಆಮೇಲೆ ಅವಳ ದನಿ ಕೇಳಿತು: ‘ನೋಡು ಮಾಮಾ, ಅಡ್ಡಿಯಿಲ್ಲ. ನಿನಗಿಂತ ಹೆಚ್ಚ ಅದಾವ.’

ನೋಡಿದೆ. ತೆಳ್ಳಗಿತ್ತು, ನಿಜ. ಆದರೆ ಹಣೆಯ ಅಂಚಿನಲ್ಲಿ ಹೊಸ ಕೂದಲು, ಈಗಷ್ಟೇ ಮೊಳೆತ ಜೋಳದ ಹಾಗೆ, ನೆಟ್ಟಗೆ ನಿಂತಿತ್ತು. ಅಕ್ಕ ಅದನ್ನು ಸವರಿದಳು. ಒಂದೆಳೆಯನ್ನು ಬೆರಳಲ್ಲಿ ಹಿಡಿದು, ‘ಹಾಸು ಸೊರಗೇತಿ. ಇದಕ್ಕ ಅಷ್ಟ ಭಾರದ ಸೆರಗು ತಡಿಯೂದಿಲ್ಲ. ಜಗ್ಗಿ ಹರಿತೈತಿ’ ಎಂದಳು.

ರೇಣುಕಾ ತಾನೂ ಒಂದೆಳೆ ಹಿಡಿದು ನೋಡಿ, ‘ಖರೆ ಐತ್ರಿ ಅವ್ವಾರ. ಉದ್ದ ಬೇಕು ಅಂದ್ರಲ್ಲ, ಅದಕ್ಕ ಬರದೆ. ನಾನ ಮೊದಲ ತಲಿ ನೋಡಬೇಕಿತ್ತು’ ಎಂದು ಹಾಳೆಯನ್ನು ಮಡಚಿದಳು. ಹೊಸ ಹಾಳೆ ಬಂತು. ಭುಜದವರೆಗಿನ ಹಗುರ ಕೂದಲು, ನಾಲ್ಕೂವರೆ ಸಾವಿರ. ಅರವತ್ತು ಕೊಂಡಿ, ನಾಲ್ಕೂವರೆ ಸಾವಿರ.

‘ಕೂದಲದಾಗ ಐನೂರು ಬಿಡು’ ಎಂದಳು ಅಕ್ಕ. ‘ಕೈಯಾಗ ಬ್ಯಾಡ.’

ಮೂವತ್ತು ವರ್ಷ ಗಜಕೋಲು ಹಿಡಿದು ನಾನು ಕಲಿಯದ ದರಶಾಸ್ತ್ರ ಇಷ್ಟೆ. ಯಾರೋ ದೇವರಿಗೆ ಕೊಟ್ಟದ್ದಕ್ಕೆ ಚೌಕಾಸಿ ಮಾಡಬಹುದು. ಎದುರಿಗೆ ನಿಂತು ಕುತ್ತಿಗೆ ನೋಯಿಸಿಕೊಂಡದ್ದಕ್ಕೆ ಮಾಡಬಾರದು. ಮತ್ತೆ ಹೊರುವ ತಲೆಯನ್ನು ಕೇಳದೆ ಭಾರವನ್ನು ಮಾರಬಾರದು.

ಮೂರು ತಾಸು ಪಾರ್ಲರಿನ ಇಬ್ಬರು ಹುಡುಗಿಯರು ನಿಂತೇ ಕೆಲಸ ಮಾಡಿದರು. ಅಕ್ಕ ಪಕ್ಕದಲ್ಲಿ ಕೂತು ಪ್ರತಿ ಕೊಂಡಿಯನ್ನೂ ಕಣ್ಣಿನಲ್ಲೇ ತಾನೂ ಹಾಕಿದಳು. ನಲವತ್ತು ಕೊಂಡಿ ಆದಾಗ ‘ಸಾಕು, ಮೊದಲ ಉಣ್ರಿ’ ಎಂದು ತಾನು ಕಟ್ಟಿಕೊಂಡು ಬಂದಿದ್ದ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಬಿಚ್ಚಿದಳು. ನನಗೂ ಒಂದು ರೊಟ್ಟಿ ಸಿಕ್ಕಿತು. ಕ್ಷಮಿಸಿದ್ದಾಳೆಂದು ತಿಳಿದೆ. ಹಿಂಡಿ ಬಡಿಸದಿದ್ದುದರಿಂದ, ಪೂರ್ತಿ ಅಲ್ಲವೆಂದೂ ತಿಳಿದೆ.

ಹೊರಗೆ ಬಂದರೆ ಬಾಗಲಕೋಟೆಯ ಬಿಸಿಲು. ಅಕ್ಷತಾ ಗಾಳಿಗೆ ಹಾರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಎಷ್ಟು ಸಣ್ಣ ಕೆಲಸ! ಎರಡು ತಿಂಗಳಿನಿಂದ ಅವಳ ಕೈ ಮರೆತಿದ್ದ ಕೆಲಸ. ಆಮೇಲೆ ನನ್ನ ನೆತ್ತಿ ನೋಡಿ, ಕೈಯಲ್ಲಿದ್ದ ದುಪಟ್ಟಾವನ್ನು ನನ್ನ ತಲೆಗೆ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿದಳು. ಗುಲಾಬಿ ಬಣ್ಣದ್ದು, ಮೇಲೆ ಬಿಳಿ ಹೂವು.

‘ಇನ್ನ ನೀನ ಇಟ್ಟಕೋ ಮಾಮಾ.’

ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ನೋಡಿ, ‘ಹಲ್ಲ ನೋವೇನ್ರಿ ಕಾಕಾ?’ ಎಂದ.

‘ಇಲ್ರಿ, ಕೂದಲಾ ಹಚ್ಚಿಸಿಕೊಂಡ ಹೊಂಟಾರ. ಬಿಸಲ ಬಡಿಬಾರದು’ ಎಂದಳು ಅಕ್ಷತಾ. ನಗು ತಡೆಯಲಾರದೆ ತಲೆ ಹಿಂದೆ ಚೆಲ್ಲಿ, ಬಸ್ಸಿನವರೆಲ್ಲ ನೋಡುವ ಹಾಗೆ ನಕ್ಕಳು. ಅಕ್ಕ ಕಿಟಕಿಯತ್ತ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ತಾನೇ ಕೊಂಡಿ ಹಾಕಿದ ಸೆರಗು.

ಕಂಡಕ್ಟರ್ ನನ್ನ ಕಿವಿಯ ಬಳಿ ಬಗ್ಗಿ, ತನ್ನ ಟೋಪಿ ಸರಿಪಡಿಸಿಕೊಳ್ಳುತ್ತ, ‘ಎಷ್ಟ ಬಿತ್ರಿ?’ ಎಂದು ಮೆಲ್ಲಗೆ ಕೇಳಿದ.

ಎಂಟೂವರೆ ಸಾವಿರ ಎನ್ನಲು ಬಾಯಿ ತೆರೆದೆ. ಹಿಂದಿನ ಸೀಟಿನ ನಗು ಇನ್ನೂ ನಿಂತಿರಲಿಲ್ಲ. ಅಂಗಡಿಯಲ್ಲಿ ಕೂತವನಿಗೆ ಒಂದು ವಸ್ತುವಿನ ದರ ಹೇಳಲಾಗದ್ದು ಅದೇ ಮೊದಲು.

‘ಇಳಕಲ್ಲಿಗೆ ಇಬ್ಬರು ಹೆಣ್ಣಮಕ್ಕಳು, ಅವರಿಗೆ ಪುಕಟ’ ಎಂದೆ. ‘ನನಗೊಂದು ಹುನಗುಂದ ಕೊಡಪಾ. ಪೂರಾ ಚಾರ್ಜ್ ತಗೋ.’