ಗುಂಡಿಯಕ್ಕನ ನಾಣ್ಯ
ಹಾಸ್ಟೆಲಿನ ಹುಡುಗಿಯರಿಗೆಲ್ಲ ಅವಳು ಗುಂಡಿಯಕ್ಕ, ಏಕೆಂದರೆ ಕಾಲೇಜಿನೊಳಗೆ ಅವಳು ಚಲಾವಣೆಗೆ ತಂದಿರುವ ನಾಣ್ಯವೆಂದರೆ ಕೆಂಪು ದಾರ ಪೋಣಿಸಿದ ಕೋಟಿನ ಗುಂಡಿ. ಒಂದು ಗಂಟೆ ಗಣಿತ ಹೇಳಿಕೊಟ್ಟವಳಿಗೂ ಒಂದು ಗುಂಡಿ, ಒಂದು ಗಂಟೆ ಬಟ್ಟೆ ಒಗೆದುಕೊಟ್ಟವಳಿಗೂ ಒಂದೇ ಗುಂಡಿ. ರ‍್ಯಾಂಕಿನ ಹುಡುಗಿ ಮೂಗು ಮುರಿದರೆ, "ನಿನ್ನ ಗಂಟೆಗೆ ಎಪ್ಪತ್ತು ನಿಮಿಷ ಇದ್ಯೇನೇ?" ಎಂದು ಬಾಯಿ ಮುಚ್ಚಿಸುತ್ತಾಳೆ. ರೂಪಾಯಿ ನೋಟು ಹಿಡಿದು ಗುಂಡಿ ಕೊಳ್ಳಲು ಬಂದವರಿಗೆ, "ಅದು ಇಲ್ಲಿ ನಡೆಯಲ್ಲ, ಬಕೆಟ್ ಅಲ್ಲಿದೆ ನೋಡು" ಎನ್ನುತ್ತಾಳೆ. ಮೊನ್ನೆ ಪ್ರಿನ್ಸಿಪಾಲರು ಕರೆಸಿ, "ಈ ಆಟ ಎಲ್ಲಾ ನಿಲ್ಸಮ್ಮ" ಎಂದು ಗದರಿದಾಗಲೂ ಜಗ್ಗಲಿಲ್ಲ. "ನಿಮ್ಮ ದುಡ್ಡು ನಮ್ಮ ಹತ್ರ ಇಲ್ಲ ಸರ್, ಅದಕ್ಕೆ ನಮ್ದು ನಾವೇ ಮಾಡ್ಕೊಂಡ್ವಿ" ಎಂದಳು. ಹಾಗೆ ತಲೆಯೆತ್ತಿ ನಿಂತಿದ್ದವಳ ಲ್ಯಾಬ್ ಕೋಟಿಗೆ ಮೇಲಿಂದ ಕೆಳಗಿನವರೆಗೂ ಬರೀ ಪಿನ್ನುಗಳು. ಅವಳು ಮೊಟ್ಟಮೊದಲು ಹಂಚಿದ ಗುಂಡಿಗಳು ಆ ಕೋಟಿನವೇ.